ಜೇಡಿಮಣ್ಣಿನ ಮೇಲೆ ಬರೆದ ಬೆಳ್ಳುಳ್ಳಿ ಸಾರು



ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಅದರ ಘಮ ಬೀದಿಯ ತನಕ ಬರುತ್ತದೆ. ಹೇಗೆ ಮಾಡಿದೆ ಎಂದು ಅಮ್ಮನನ್ನು ಕೇಳಿ ನೋಡಿ. "ಅದರಲ್ಲೇನಿದೆ? ಬೆಳ್ಳುಳ್ಳಿ ಜಜ್ಜಿ ಹಾಕುವುದು, ಉಪ್ಪು ಹದ ನೋಡುವುದು, ಅಷ್ಟೆ" ಎನ್ನುತ್ತಾರೆ. ಎಷ್ಟು ಎಸಳು, ಎಷ್ಟು ಹೊತ್ತು ಎಂಬುದು ಅವರ ಕೈಗೆ ಗೊತ್ತು. ಇಂಥದೇ ಉತ್ತರವನ್ನು ಸುಮಾರು 3700 ವರ್ಷಗಳ ಹಿಂದೆ ಯಾರೋ ಬರೆದಿಟ್ಟಿದ್ದಾರೆ ಎಂದರೆ ನಂಬುವಿರಾ?

ಟೈಗ್ರಿಸ್ ಮತ್ತು ಯೂಫ್ರಟೀಸ್ ನದಿಗಳ ನಾಡು ಮೆಸೊಪೊಟೇಮಿಯ. ಅದರ ಬಹುಭಾಗ ಇಂದಿನ ಇರಾಕ್. ಅಲ್ಲಿಯವರು ಹಸಿ ಜೇಡಿಮಣ್ಣಿನ ಫಲಕದ ಮೇಲೆ ಬೆಣೆಯಾಕಾರದ ಅಕ್ಷರಗಳನ್ನು ಒತ್ತಿ ಬರೆಯುತ್ತಿದ್ದರು. ಕ್ರಿ.ಪೂ. 1700ರ ಆಸುಪಾಸಿನ ಅಂಥ ಮೂರು ಫಲಕಗಳು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಇವು ವೈದ್ಯರ ಔಷಧಿ ಪಟ್ಟಿಗಳೆಂದೇ ಕೆಲವರು ಭಾವಿಸಿದ್ದರು. 1940ರ ದಶಕದಲ್ಲಿ ಮೇರಿ ಹಸ್ಸಿ ಎಂಬ ವಿದುಷಿ ಇವು ಅಡುಗೆಯ ವಿಧಾನಗಳೆಂದು ಸೂಚಿಸಿದಾಗ ವಿದ್ವಾಂಸರು ಅಷ್ಟಾಗಿ ಒಪ್ಪಲಿಲ್ಲ. 1980ರ ದಶಕದಲ್ಲಿ ಫ್ರಾನ್ಸಿನ ಇತಿಹಾಸಕಾರ ಜಾನ್ ಬೊತ್ತೆರೊ ಇವುಗಳನ್ನು ಓದಿ ವಿವರಿಸಿದ ಮೇಲೆ ಆಕೆಯ ಮಾತು ನಿಜವಾಯಿತು.

ಒಂದು ಫಲಕದಲ್ಲಿ 25 ಅಡುಗೆಗಳಿವೆ. ಹೆಚ್ಚಿನವು ಮಾಂಸದ ಸಾರು, ಕೆಲವು ತರಕಾರಿಯವು. ಕ್ರಮ ಬಹಳ ಸರಳ. ನೀರಿಡಬೇಕು, ಕೊಬ್ಬು ಹಾಕಬೇಕು. ಈರುಳ್ಳಿ, ಕೊತ್ತಂಬರಿ, ಜೀರಿಗೆಗಳು ಅಲ್ಲಲ್ಲಿ ಬರುತ್ತವೆ. ಮತ್ತೆ ಮತ್ತೆ ಕಾಣುವುದು ಒಂದು ಜೋಡಿ: ಬೆಳ್ಳುಳ್ಳಿ ಮತ್ತು ಈರುಳ್ಳಿ ಜಾತಿಯದೇ ಆದ ಲೀಕ್. ಇವೆರಡನ್ನೂ ಜಜ್ಜಿ ಹಾಕಬೇಕು.

ಜಜ್ಜುವುದೇಕೆ? ಇಡೀ ಬೆಳ್ಳುಳ್ಳಿಯನ್ನು ಮೂಸಿ ನೋಡಿ, ಘಾಟು ಅಷ್ಟಿರುವುದಿಲ್ಲ. ಅದರ ಜೀವಕೋಶದಲ್ಲಿ ಅಲೈನ್ ಎಂಬ ವಸ್ತು ಒಂದೆಡೆ, ಅಲೈನೇಸ್ ಎಂಬ ಕಿಣ್ವ ಇನ್ನೊಂದೆಡೆ ಇರುತ್ತವೆ. ಜಜ್ಜಿದಾಗ ಗೋಡೆ ಒಡೆದು ಎರಡೂ ಸೇರಿ ಅಲಿಸಿನ್ ಹುಟ್ಟುತ್ತದೆ. ಆ ಘಾಟು ಅದರದು. ಬಿಸಿ ತಗುಲಿದರೆ ಕಿಣ್ವ ಕೆಲಸ ಮಾಡದು. ಹೀಗಾಗಿ ಇಡಿಯಾಗಿ ಬೇಯಿಸಿದ ಬೆಳ್ಳುಳ್ಳಿ ಮೆತ್ತಗೆ, ಸಿಹಿಯಾಗಿರುತ್ತದೆ. ಅಲಿಸಿನ್ ಅನ್ನು ಅಮೆರಿಕದಲ್ಲಿ ಕ್ಯಾವಲಿಟೊ ಮತ್ತು ಬೈಲಿ ಗುರುತಿಸಿದ್ದು 1944ರಲ್ಲಿ. ಬ್ಯಾಬಿಲೋನಿನ ಅಡುಗೆಯವನಿಗೆ ಈ ಹೆಸರು ಗೊತ್ತಿರಲಿಲ್ಲ, ಆದರೆ ಜಜ್ಜಬೇಕೆಂಬುದು ಗೊತ್ತಿತ್ತು.

ಆದರೆ ಅವನು ಹೇಳದೆ ಬಿಟ್ಟದ್ದೂ ಬಹಳ. ಈ 25 ಅಡುಗೆಗಳಲ್ಲಿ ಅಳತೆಯಾಗಲಿ, ಬೇಯಿಸುವ ಹೊತ್ತಾಗಲಿ ಇಲ್ಲವೆಂದೇ ಹೇಳಬೇಕು. ಓದುವವನಿಗೆ ಅಡುಗೆ ಗೊತ್ತೇ ಇದೆಯೆಂದು ಬರೆದವನು ನಂಬಿದ್ದ. 'ಸಮಿದು' ಎಂಬ ಒಂದು ಪದಾರ್ಥ ಯಾವುದೆಂದು ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. 2018ರಲ್ಲಿ ಯೇಲ್ ಮತ್ತು ಹಾರ್ವರ್ಡ್‌ನ ತಜ್ಞರು ಈ ಅಡುಗೆಗಳನ್ನು ಮಾಡಿ ನೋಡಿದಾಗ ಅಂಥ ಕಡೆಗಳಲ್ಲಿ ಊಹೆಯನ್ನೇ ನೆಚ್ಚಬೇಕಾಯಿತು. ಆ ಕಾಲದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿಯೇ ಈಗ ಯಾರಿಗೂ ಗೊತ್ತಿಲ್ಲ!

ನನ್ನ ಮಾತನ್ನೇ ಹೇಳುತ್ತೇನೆ. ಇಪ್ಪತ್ತು ವರ್ಷ ಕ್ಯಾಮೆರಾ ಹಿಂದೆ ನಿಂತು ಎಷ್ಟೋ ಜನರ ಮಾತನ್ನು ಚಿತ್ರೀಕರಿಸಿದ್ದೇನೆ. ನನ್ನ ತಾಯಿ ಒರಳಿನಲ್ಲಿ ಅರೆಯುತ್ತಿದ್ದ ಬೆಳ್ಳುಳ್ಳಿ–ಕೊತ್ತಂಬರಿ ಚಟ್ನಿಯ ಒಂದು ದೃಶ್ಯವೂ ನನ್ನಲ್ಲಿಲ್ಲ. ದಿನವೂ ಇರುವುದಲ್ಲವೇ ಎಂದುಕೊಂಡಿದ್ದೆ. ಅವರು ಈಗಿಲ್ಲ. ನಾನು ಮಾಡಿದರೆ ಏನೋ ಕಡಿಮೆ; ಅದೇನೆಂದು ಕೇಳಲು ಯಾರೂ ಇಲ್ಲ.

ನೀವು ಹೀಗೆ ಮಾಡಬೇಡಿ. ಈ ಭಾನುವಾರ ತಕ್ಕಡಿ, ಗಡಿಯಾರ, ನೋಟ್‌ಬುಕ್ ಹಿಡಿದು ಅಡುಗೆಮನೆಗೆ ಹೋಗಿ. ಅಜ್ಜಿ "ಒಂದು ಹಿಡಿ" ಎಂದರೆ ಆ ಹಿಡಿಯನ್ನು ತೂಗಿ ಬರೆಯಿರಿ. "ಘಮ ಬರುವ ತನಕ" ಎಂದರೆ ನಿಮಿಷ ಎಣಿಸಿ. ನಿಮ್ಮೂರಿನಲ್ಲಿ ಮಾತ್ರ ಬಳಸುವ ಸೊಪ್ಪಿದ್ದರೆ ಹೆಸರಿನ ಜೊತೆಗೆ ಅದರ ಒಂದು ಎಲೆಯನ್ನೂ ಒಣಗಿಸಿ ಅಂಟಿಸಿ. ಕೆಳಗೆ ಊರು, ದಿನಾಂಕ ಹಾಕುವುದನ್ನು ಮರೆಯಬೇಡಿ.