ಹಿಮಮಾನವನ ಬೆನ್ನು ಹತ್ತಿದವರು

ಇಲ್ಲಿ ಪುಣೆಯಲ್ಲಿ ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೋಗಿ ಬಂದವರು ಗಲ್ಲಿಗೊಬ್ಬರು ಸಿಗುತ್ತಾರೆ. ಭಾನುವಾರ ಬಂತೆಂದರೆ ಸಿಂಹಗಡ ಹತ್ತಿಳಿದು ಕಾಲು ಪಳಗಿಸಿಕೊಳ್ಳುತ್ತಾರೆ, ವರ್ಷದ ರಜೆಯನ್ನೆಲ್ಲ ಕೂಡಿಟ್ಟು ಲುಕ್ಲಾಕ್ಕೆ ಹಾರುತ್ತಾರೆ. ದಾರಿಯಲ್ಲಿ ಖುಮ್ಜುಂಗ್ ಹಳ್ಳಿಯ ಬೌದ್ಧ ಮಠಕ್ಕೆ ಹೋಗಿದ್ದಿರಾ ಅಂತ ಕೇಳಿ ನೋಡಿ. ಹೋದವರೆಲ್ಲ "ಹಾಂ, ಯೇತಿಯ ತಲೆ! ಕಾಣಿಕೆ ಹಾಕಿದರೆ ಪೆಟ್ಟಿಗೆ ತೆರೆದು ತೋರಿಸ್ತಾರೆ" ಎಂದು ನಗುತ್ತಾರೆ. ಆ ತಲೆ ಒಮ್ಮೆ ಶಿಕಾಗೋ, ಪ್ಯಾರಿಸ್, ಲಂಡನ್ ಸುತ್ತಿ ಬಂದಿದೆ ಅನ್ನುವುದು ಮಾತ್ರ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಅದರ ಕಥೆ ಹೇಳಬೇಕೆಂದರೆ ಕಲ್ಕತ್ತೆಯಿಂದ ಶುರು ಮಾಡಬೇಕು.

1921ರಲ್ಲಿ ಬ್ರಿಟಿಷರ ಮೊದಲ ಎವರೆಸ್ಟ್ ತಂಡ ಟಿಬೆಟ್ ಕಡೆಯಿಂದ ದಾರಿ ಹುಡುಕುತ್ತಿತ್ತು. ತಂಡದ ನಾಯಕ ಕರ್ನಲ್ ಹೋವರ್ಡ್-ಬ್ಯೂರಿ. ಲಕ್ಪಾ ಲಾ ಕಣಿವೆದಾರಿ ಹತ್ತುವಾಗ ಹಿಮದ ಮೇಲೆ ದೊಡ್ಡ ಹೆಜ್ಜೆಗಳು ಕಂಡವು. ತೋಳದ್ದಿರಬೇಕು, ಮೆತ್ತನೆಯ ಹಿಮದಲ್ಲಿ ಎರಡೆರಡು ಹೆಜ್ಜೆ ಕೂಡಿ ಹಾಗೆ ಕಾಣುತ್ತಿದೆ ಎಂದು ಅವನು ತೀರ್ಮಾನಿಸಿದ. ಹೊರೆಯಾಳುಗಳು ಒಪ್ಪಲಿಲ್ಲ, 'ಮೆತೋ ಕಾಂಗ್ಮಿ' ಅಂದರು. ತಂಡ ಡಾರ್ಜಿಲಿಂಗಿಗೆ ಮರಳಿದಾಗ ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆಗೆ ಬರೆಯುತ್ತಿದ್ದ ಹೆನ್ರಿ ನ್ಯೂಮನ್ ಆ ಆಳುಗಳನ್ನು ಮಾತಾಡಿಸಿದ. 'ಕಾಂಗ್' ಎಂದರೆ ಹಿಮ, 'ಮಿ' ಎಂದರೆ ಮನುಷ್ಯ, ಅಲ್ಲಿಯವರೆಗೆ ಸರಿ. 'ಮೆತೋ' ಎಂದರೆ ಕೊಳಕು, ಅಸಹ್ಯ ಎಂದು ತಿಳಿದು 'ಅಬಾಮಿನಬಲ್ ಸ್ನೋಮನ್' ಎಂದು ಬರೆದುಬಿಟ್ಟ. ಆ ಪದ ಅವನ ಕಿವಿಗೆ ಸರಿಯಾಗಿ ಬಿದ್ದಿರಲೇ ಇಲ್ಲ ಎನ್ನುವುದು ಭಾಷೆ ಬಲ್ಲವರ ಮಾತು. ಶೆರ್ಪಾಗಳು ಹೇಳುವುದು 'ಮಿತೆ' ಅಥವಾ 'ಮೆತೆ', ಅಂದರೆ ಮನುಷ್ಯನಂಥ ಕರಡಿ. ದನ ಹಿಡಿಯುವ ದೊಡ್ಡ ಕರಡಿಗೆ ಅವರಲ್ಲಿ 'ಜುತೆ' ಎಂಬ ಬೇರೆ ಹೆಸರೇ ಇದೆ. ಕರಡಿ ಎಂಬ ಮಾತು ಹೆಸರಿನೊಳಗೇ ಕೂತಿತ್ತು! ಕನ್ನಡದವರು ಪುಣ್ಯಕ್ಕೆ 'ಹಿಮಮಾನವ' ಎಂದಷ್ಟೇ ಕರೆದು, 'ಅಸಹ್ಯ'ವನ್ನು ಇಂಗ್ಲಿಷಿಗೇ ಬಿಟ್ಟುಕೊಟ್ಟೆವು.

ಮುಂದಿನ ಮೂವತ್ತು ವರ್ಷ ಅದು ಪತ್ರಿಕೆಗಳ ತಮಾಷೆಯ ಸುದ್ದಿಯಾಗಿಯೇ ಉಳಿಯಿತು. 1951ರ ನವೆಂಬರಿನಲ್ಲಿ ಎರಿಕ್ ಶಿಪ್ಟನ್, ಡಾಕ್ಟರ್ ಮೈಕೆಲ್ ವಾರ್ಡ್, ಸೆನ್ ತೆನ್‌ಜಿಂಗ್ ಎಂಬ ಶೆರ್ಪಾ, ಈ ಮೂವರು ಮೆನ್ಲುಂಗ್ ಹಿಮನದಿಯ ಮೇಲೆ ಹೆಜ್ಜೆಗಳ ಸಾಲು ಕಂಡರು. ಶಿಪ್ಟನ್ ಒಂದು ಹೆಜ್ಜೆಯ ಪಕ್ಕ ಹಿಮಗೊಡಲಿ ಇಟ್ಟು ಚಿತ್ರ ತೆಗೆದ. ಸುಮಾರು ಒಂದು ಅಡಿಗಿಂತ ಉದ್ದ, ವಿಪರೀತ ಅಗಲ, ಹೆಬ್ಬೆರಳು ಎದ್ದು ಕಾಣುವಂತಿತ್ತು. ಲಂಡನ್ನಿನಲ್ಲಿ ಆ ಚಿತ್ರ ಅಚ್ಚಾದದ್ದೇ ತಡ, ತಮಾಷೆ ಹೋಗಿ ಹುಚ್ಚು ಹತ್ತಿತು. ಬಿಸಿಲಿಗೆ ಹಿಮ ಕರಗಿ ಹೆಜ್ಜೆ ಹಿಗ್ಗುತ್ತದೆ ಎಂದು ಕೆಲವರು ಹೇಳಿದರು. ಶಿಪ್ಟನ್ ತುಂಟ, ಕೈಯಿಂದ ಒಂದಿಷ್ಟು ತಿದ್ದಿರಬೇಕು ಎಂಬ ಗುಮಾನಿಯೂ ಆಮೇಲೆ ಬಂತು.

1954ರಲ್ಲಿ ಡೈಲಿ ಮೇಲ್ ಪತ್ರಿಕೆ ಯೇತಿಯನ್ನು ಹುಡುಕುವುದಕ್ಕೆಂದೇ ಒಂದು ತಂಡ ಕಳಿಸಿತು. ಅದರಲ್ಲಿ ನಮ್ಮ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಪ್ರಾಣಿಶಾಸ್ತ್ರಜ್ಞ ಬಿಶ್ವಮಯ್ ಬಿಸ್ವಾಸ್ ಕೂಡ ಇದ್ದರು. ತಿಂಗಳುಗಟ್ಟಲೆ ಅಲೆದರೂ ಯೇತಿ ಸಿಗಲಿಲ್ಲ. ಪಾಂಗ್‌ಬೋಚೆ ಮಠದಲ್ಲಿ ಒಂದು 'ಯೇತಿ ತಲೆ' ಇರುವುದನ್ನು ಮಾತ್ರ ನೋಡಿಕೊಂಡು ಬಂದರು.

ಇಷ್ಟೊಂದು ಜನ ಹುಡುಕಾಟಕ್ಕೆ ಬರತೊಡಗಿದಾಗ ನೇಪಾಳ ಸರ್ಕಾರ ಸುಮ್ಮನೆ ಕೂರಲಿಲ್ಲ. ಆ ನಿಯಮಗಳನ್ನು ತನ್ನ ಪ್ರಜೆಗಳಿಗೆ ತಿಳಿಸಲು ಕಠ್ಮಂಡುವಿನ ಅಮೆರಿಕನ್ ರಾಯಭಾರ ಕಚೇರಿ 1959ರ ನವೆಂಬರಿನಲ್ಲಿ ಸಿದ್ಧಪಡಿಸಿದ ಒಂದು ಪತ್ರ ಇವತ್ತಿಗೂ ಇದೆ. ಯೇತಿ ಹುಡುಕಲು ಪರವಾನಗಿ ಬೇಕು, ಶುಲ್ಕ 5000 ರೂಪಾಯಿ, ಅದೂ ಭಾರತದ ರೂಪಾಯಿ! ಫೋಟೋ ತೆಗೆಯಬಹುದು, ಜೀವಂತ ಹಿಡಿಯಬಹುದು, ಪ್ರಾಣಕ್ಕೆ ಸಂಚಕಾರ ಬಂದರೆ ಹೊರತು ಕೊಲ್ಲುವಂತಿಲ್ಲ. ತೆಗೆದ ಫೋಟೋ, ಹಿಡಿದ ಪ್ರಾಣಿ ಎಲ್ಲ ಸರ್ಕಾರಕ್ಕೆ ಒಪ್ಪಿಸಬೇಕು, ಅನುಮತಿ ಇಲ್ಲದೆ ಪತ್ರಿಕೆಗೆ ಸುದ್ದಿ ಕೊಡಬಾರದು. ಓದಿದರೆ ನಗು ಬರುತ್ತದೆ ನಿಜ. ನನಗೇನೋ ಅದು ಬಹಳ ವಿವೇಕದ ಪತ್ರ ಅನ್ನಿಸುತ್ತದೆ. ಇದ್ದರೆ ನಮ್ಮದು, ಇಲ್ಲದಿದ್ದರೆ ಶುಲ್ಕ ನಮ್ಮದು. ಪರದೇಶದವರು ಬಂದು ಏನು ಹೊತ್ತೊಯ್ದಾರು ಎಂಬ ಅವರ ಹೆದರಿಕೆ ಸುಳ್ಳೂ ಆಗಿರಲಿಲ್ಲ. ಅದೇ ವರ್ಷ ಪಾಂಗ್‌ಬೋಚೆಯಲ್ಲಿ ನಡೆದದ್ದನ್ನು ಕೇಳಿ.

ಟೆಕ್ಸಾಸಿನ ಎಣ್ಣೆ ಸಾಹುಕಾರ ಟಾಮ್ ಸ್ಲಿಕ್ 1957ರಲ್ಲಿ ತಾನೇ ನೇಪಾಳಕ್ಕೆ ಬಂದು ಹುಡುಕಿದ್ದ. ಮರುವರ್ಷ ಬೇಟೆನಾಯಿಗಳನ್ನೂ ತರಿಸಿದ. ಅವನ ಪರವಾಗಿ ಬೆಟ್ಟ ಅಲೆದವನು ಪೀಟರ್ ಬರ್ನ್ ಎಂಬ ಐರಿಶ್ ಶಿಕಾರಿ, ಮೊದಲು ಉತ್ತರ ಬಂಗಾಳದ ಚಹಾ ತೋಟದಲ್ಲಿದ್ದವನು. ಪಾಂಗ್‌ಬೋಚೆ ಮಠದಲ್ಲಿ ತಲೆಯ ಜೊತೆ ಒಂದು ಒಣಗಿದ ಕೈಯೂ ಇತ್ತು. ಬರ್ನ್ ಅದರ ಒಂದು ಬೆರಳನ್ನು ತೆಗೆದು, ಆ ಜಾಗದಲ್ಲಿ ಮನುಷ್ಯನ ಬೆರಳೊಂದನ್ನು ಜೋಡಿಸಿದ. ಆ ಬದಲಿ ಬೆರಳು ಕೊಟ್ಟವರು ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ಓಸ್ಮನ್ ಹಿಲ್. ಮಠಕ್ಕೆ ಕಾಣಿಕೆ ಕೊಟ್ಟು ಒಪ್ಪಿಸಿಯೇ ತೆಗೆದದ್ದು ಎಂದು ಬರ್ನ್ ಮುಪ್ಪಿನಲ್ಲಿ ಹೇಳಿದ. ಇರಬಹುದು. ಆದರೆ ಬೆರಳು ಗುಟ್ಟಾಗಿ ಗಡಿ ದಾಟಿ ಭಾರತಕ್ಕೆ ಬಂತು. ಕಲ್ಕತ್ತೆಯಲ್ಲಿದ್ದ ಹಾಲಿವುಡ್ ನಟ ಜೇಮ್ಸ್ ಸ್ಟುವರ್ಟ್ ದಂಪತಿಯ ಸಾಮಾನಿನಲ್ಲಿ, ಹೆಂಡತಿಯ ಒಳಉಡುಪಿನ ಪೆಟ್ಟಿಗೆಯೊಳಗೆ ಅಡಗಿ ಲಂಡನ್ ಸೇರಿತು. ದೇವರ ಕೋಣೆಯ ವಸ್ತು ಕಣ್ರೀ ಅದು! ನಮ್ಮೂರ ಗುಡಿಯ ಉತ್ಸವಮೂರ್ತಿಯ ಬೆರಳನ್ನು ಯಾರಾದರೂ ಹೀಗೆ ಬದಲಾಯಿಸಿ ಕೊಂಡೊಯ್ದಿದ್ದರೆ ಅದನ್ನು ಸಾಹಸ ಅನ್ನುತ್ತಿದ್ದೆವೇ?

ಇದಕ್ಕೆ ತದ್ವಿರುದ್ಧ ಖುಮ್ಜುಂಗಿನಲ್ಲಿ ನಡೆದದ್ದು. 1960ರಲ್ಲಿ ಎಡ್ಮಂಡ್ ಹಿಲರಿ ದೊಡ್ಡ ತಂಡ ಕಟ್ಟಿಕೊಂಡು ಬಂದ. ಎತ್ತರದಲ್ಲಿ ಮನುಷ್ಯನ ದೇಹ ಹೇಗೆ ಒಗ್ಗುತ್ತದೆ ಎಂದು ನೋಡುವುದು ಒಂದು ಕೆಲಸ, ಯೇತಿ ಹುಡುಕುವುದು ಇನ್ನೊಂದು. ಹಣ ಕೊಟ್ಟದ್ದು ಶಿಕಾಗೋದ ವರ್ಲ್ಡ್ ಬುಕ್ ವಿಶ್ವಕೋಶದವರು, ಜೊತೆಗೆ ಬಂದವರು ಅದೇ ಊರಿನ ಲಿಂಕನ್ ಪಾರ್ಕ್ ಮೃಗಾಲಯದ ಮಾರ್ಲಿನ್ ಪರ್ಕಿನ್ಸ್. 'ಯೇತಿ ಚರ್ಮ' ಎಂದು ಸಿಕ್ಕವು ಟಿಬೆಟಿನ ಕರಡಿಯವು. ಉಳಿದದ್ದು ಖುಮ್ಜುಂಗಿನ ತಲೆ. ಅದನ್ನು ಕೊಂಡೊಯ್ದು ಪರೀಕ್ಷೆ ಮಾಡಿಸುತ್ತೇವೆ ಎಂದು ಹಿಲರಿ ಊರಿನವರನ್ನು ಕೇಳಿಕೊಂಡ. ಊರಿನವರು ಕೂತು ಚರ್ಚಿಸಿ ಷರತ್ತು ಹಾಕಿದರು: ಆರು ವಾರದೊಳಗೆ ವಾಪಸು ಬರಬೇಕು, ನಮ್ಮ ಹಿರಿಯ ಖುಂಜೋ ಚುಂಬಿ ಜೊತೆಗೇ ಇರಬೇಕು. ಹಾಗೆ ಒಬ್ಬ ಶೆರ್ಪಾ ಹಿರಿಯ, ಹಿಲರಿ, ಜೊತೆಗೆ ಸ್ಟೇಟ್ಸ್‌ಮನ್ ಪತ್ರಿಕೆಯ ಡೆಸ್ಮಂಡ್ ಡೋಯ್ಗ್ (ಮತ್ತೆ ಅದೇ ಪತ್ರಿಕೆ, ನೋಡಿ) ತಲೆಯನ್ನು ಹೊತ್ತು ವಿಮಾನ ಹತ್ತಿದರು.

ಪರೀಕ್ಷಿಸಿದವರು ಕಂಡದ್ದು ಇಷ್ಟು: ಅದು ತಲೆಯೇ ಅಲ್ಲ. ಸೆರೋ ಎಂಬ ಮೇಕೆಯಂಥ ಬೆಟ್ಟದ ಪ್ರಾಣಿಯ ಹೆಗಲಿನ ಭಾಗದ ಚರ್ಮವನ್ನು ಅಚ್ಚಿನ ಮೇಲೆ ಎಳೆದು ಒಣಗಿಸಿ ಮಾಡಿದ ಟೋಪಿ. ಹಿಲರಿಯ ತಂಡ ಅದೇ ಪ್ರಾಣಿಯ ಚರ್ಮದಿಂದ ಅಂಥದ್ದೇ ಒಂದನ್ನು ತಯಾರಿಸಿ ತೋರಿಸಿತ್ತು ಕೂಡ. ತಲೆ ಹೇಳಿದ ಹೊತ್ತಿಗೆ ಊರಿಗೆ ಮರಳಿತು. 1961ರಲ್ಲಿ ಹಿಲರಿ ಖುಮ್ಜುಂಗಿನಲ್ಲಿ ಒಂದು ಶಾಲೆ ಕಟ್ಟಿಸಿದ. ಎವರೆಸ್ಟ್ ಸೀಮೆಯಲ್ಲಿ ಅವನು ಮುಂದೆ ಕಟ್ಟಿಸಿದ ಶಾಲೆ ಆಸ್ಪತ್ರೆಗಳ ಸಾಲಿನಲ್ಲಿ ಅದೇ ಮೊದಲನೆಯದು. ಯೇತಿ ಹುಡುಕಾಟದಿಂದ ಆ ಬೆಟ್ಟಗಳಿಗೆ ಗಟ್ಟಿಯಾಗಿ ದಕ್ಕಿದ್ದು ಅದೊಂದೇ ಎಂದರೂ ತಪ್ಪಾಗದು.

ಅಷ್ಟರಲ್ಲಿ ಸ್ಲಿಕ್ಕನ ಲಕ್ಷ್ಯ ಅಮೆರಿಕಕ್ಕೇ ತಿರುಗಿತ್ತು. 1958ರ ಆಗಸ್ಟಿನಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್ ಕಾಡಿನಲ್ಲಿ ರಸ್ತೆ ಕೆಲಸ ನಡೆದಿತ್ತು. ಬುಲ್ಡೋಜರ್ ಓಡಿಸುವ ಜೆರ್ರಿ ಕ್ರೂ ಬೆಳಿಗ್ಗೆ ಬಂದು ನೋಡಿದರೆ ಯಂತ್ರದ ಸುತ್ತ 16 ಅಂಗುಲದ ಬರಿಗಾಲ ಹೆಜ್ಜೆಗಳು. ಅಕ್ಟೋಬರಿನಲ್ಲಿ ಅವನು ಅಚ್ಚು ಹಿಡಿದು ನಿಂತ ಚಿತ್ರ ಹಂಬೋಲ್ಟ್ ಟೈಮ್ಸ್ ಪತ್ರಿಕೆಯಲ್ಲಿ ಬಂತು, 'ಬಿಗ್‌ಫುಟ್' ಎಂಬ ಹೆಸರು ದೇಶವೆಲ್ಲ ಹರಡಿತು. ಸ್ಲಿಕ್ ನೇಪಾಳದಿಂದ ಬರ್ನ್‌ನನ್ನು ಅಲ್ಲಿಗೇ ಕರೆಸಿಕೊಂಡ. 1962ರಲ್ಲಿ ಸ್ಲಿಕ್ ವಿಮಾನ ಅಪಘಾತದಲ್ಲಿ ಸತ್ತ, ಹುಡುಕಾಟ ನಿಲ್ಲಲಿಲ್ಲ. 1967ರ ಅಕ್ಟೋಬರ್ 20ರಂದು ಅದೇ ಬ್ಲಫ್ ಕ್ರೀಕಿನಲ್ಲಿ ಕುದುರೆ ಮೇಲೆ ಹೊರಟಿದ್ದ ರೋಜರ್ ಪ್ಯಾಟರ್ಸನ್, ಬಾಬ್ ಗಿಮ್ಲಿನ್ ಒಂದು ನಿಮಿಷದಷ್ಟೂ ಇಲ್ಲದ ಫಿಲ್ಮ್ ತೆಗೆದರು. ನಡೆಯುತ್ತಲೇ ತಿರುಗಿ ನೋಡುವ ಆ ರೋಮದ ಆಕೃತಿಯನ್ನು ನೀವೂ ಎಲ್ಲಾದರೂ ನೋಡಿರುತ್ತೀರಿ. ವೇಷ ಹಾಕಿದ ಮನುಷ್ಯನೋ ಮತ್ತೊಂದೋ ಎಂದು ಇನ್ನೂ ಜಗಳ ನಡೆದಿದೆ. 1958ರ ಹೆಜ್ಜೆಗಳ ಕಥೆ ಮಾತ್ರ ಬೇರೆ. ಆ ರಸ್ತೆಯ ಗುತ್ತಿಗೆದಾರ ರೇ ವಾಲೇಸ್ 2002ರಲ್ಲಿ ತೀರಿಕೊಂಡ ಮೇಲೆ ಅವನ ಮನೆಯವರು ಮರದಲ್ಲಿ ಕೆತ್ತಿದ ದೊಡ್ಡ ಪಾದಗಳನ್ನು ಹೊರಗೆ ತಂದು, ಇವು ಅಪ್ಪನ ತಮಾಷೆ ಎಂದರು. ನಂಬಿದವರು ಅದನ್ನೂ ನಂಬಲಿಲ್ಲ ಅನ್ನಿ.

ಬರ್ನ್ ಅಲ್ಲೇ ನೆಲೆನಿಂತ. ಒರೆಗಾನಿನಲ್ಲಿ ಬಿಗ್‌ಫುಟ್ ಮಾಹಿತಿ ಕೇಂದ್ರ ನಡೆಸುತ್ತ 1976ರಲ್ಲಿ 15 ಕೂದಲುಗಳನ್ನು ಎಫ್‌ಬಿಐಗೆ ಕಳಿಸಿದ. ಅವರೂ ಪಾಪ ಪರೀಕ್ಷೆ ಮಾಡಿದರು. ಜಿಂಕೆಯ ಕೂದಲು. ಆ ಕಡತವನ್ನು 2019ರಲ್ಲಿ ಬಯಲಿಗೆ ಬಿಟ್ಟರು.

ಅದೇ 2019ರ ಏಪ್ರಿಲ್‌ನಲ್ಲಿ ನಮ್ಮ ಸೇನೆಯವರು ಮಕಾಲು ಬೇಸ್ ಕ್ಯಾಂಪಿನ ಬಳಿ 32 ಅಂಗುಲ ಉದ್ದ, 15 ಅಂಗುಲ ಅಗಲದ 'ಯೇತಿ ಹೆಜ್ಜೆ' ಕಂಡೆವೆಂದು ಟ್ವಿಟರಿನಲ್ಲಿ ಹಾಕಿ ದೇಶವನ್ನೆಲ್ಲ ನಗಿಸಿದ್ದು ನೆನಪಿರಬಹುದು. ಅದಕ್ಕೆ ಎರಡು ವರ್ಷ ಮೊದಲು, 2017ರಲ್ಲಿ, ಬಫಲೋ ವಿಶ್ವವಿದ್ಯಾಲಯದ ಷಾರ್ಲಟ್ ಲಿಂಡ್‌ಕ್ವಿಸ್ಟ್ ತಂಡ ಮಠಗಳಲ್ಲಿ, ಸಂಗ್ರಹಾಲಯಗಳಲ್ಲಿ ಯೇತಿಯದೆಂದು ಇದ್ದ ಮೂಳೆ, ಚರ್ಮ, ಹಲ್ಲು, ಕೂದಲು ಎಲ್ಲ ಸೇರಿ 9 ಮಾದರಿಗಳ ಡಿಎನ್‌ಎ ಪರೀಕ್ಷಿಸಿತ್ತು. 8 ಕರಡಿಯವು, 1 ನಾಯಿಯದು. ಹೊರೆಯಾಳುಗಳು 1921ರಲ್ಲಿ ಹೇಳಿದ ಹೆಸರಿನಲ್ಲಿ ಇದ್ದದ್ದೂ ಅದೇ.

ಪಾಂಗ್‌ಬೋಚೆಯ ಬೆರಳು ಏನಾಯಿತು ಅಂತೀರಾ? ಓಸ್ಮನ್ ಹಿಲ್ ಸಂಗ್ರಹದ ಜೊತೆ ಲಂಡನ್ನಿನ ಶಸ್ತ್ರವೈದ್ಯರ ಕಾಲೇಜಿನ ಮ್ಯೂಸಿಯಮ್ಮಿಗೆ ಸೇರಿ ಬಹುಕಾಲ ಮೂಲೆಯಲ್ಲಿತ್ತು. 2011ರಲ್ಲಿ ಎಡಿನ್‌ಬರೋದಲ್ಲಿ ಡಿಎನ್‌ಎ ನೋಡಿದಾಗ ಮನುಷ್ಯನ ಬೆರಳು ಎಂದು ತಿಳಿಯಿತು. ಮನುಷ್ಯನ ಬೆರಳು ತೆಗೆದು ಮನುಷ್ಯನ ಬೆರಳನ್ನೇ ಇಟ್ಟಿದ್ದರು! ಮಠದಲ್ಲಿ ಉಳಿದಿದ್ದ ಕೈ, ತಲೆ ಎರಡನ್ನೂ ಅಷ್ಟರಲ್ಲಾಗಲೇ, 1990ರ ದಶಕದಲ್ಲಿ, ಯಾರೋ ಕದ್ದೊಯ್ದಿದ್ದರು. ಸಂದರ್ಶಕರ ಕಾಣಿಕೆಯನ್ನೇ ನೆಚ್ಚಿದ್ದ ಮಠಕ್ಕೆ ಅದು ದೊಡ್ಡ ಪೆಟ್ಟು. 2011ರಲ್ಲಿ ನ್ಯೂಜಿಲೆಂಡಿನ ಪೈಲಟ್ ಮೈಕ್ ಆಲ್ಸಪ್, ಸಿನಿಮಾಗಳಿಗೆ ಗೊಂಬೆ ಮಾಡುವ ವೇಟಾ ಕಾರ್ಯಾಗಾರದವರಿಂದ ಕೈ, ತಲೆ ಎರಡರ ನಕಲು ಮಾಡಿಸಿ ತಾನೇ ಹೊತ್ತೊಯ್ದು ಮಠಕ್ಕೆ ಒಪ್ಪಿಸಿದ. ಅಸಲಿ ಕೈ ಇನ್ನೂ ಸಿಕ್ಕಿಲ್ಲ.