ಕಾಲಿಗೆ ಹಗ್ಗ, ಮುಂದೆ ಬೇಲಿ

ಲಂಡನ್ನಿನ ಕೋಟೆಗೋಡೆಯಾಚೆ ಸ್ಮಿತ್‌ಫೀಲ್ಡ್ ಎಂಬ ಬಯಲಿತ್ತು. ಶುಕ್ರವಾರ ಬಂದರೆ ಅಲ್ಲಿ ಕುದುರೆ ಸಂತೆ. ಅರ್ಲ್‌ಗಳು, ಬ್ಯಾರನ್‌ಗಳು, ನೈಟ್‌ಗಳು, ಊರಿನ ವರ್ತಕರು ಎಲ್ಲರೂ ಸೇರುತ್ತಿದ್ದರು. ಕೆಲವರು ಕೊಳ್ಳಲು, ಕೆಲವರು ಸುಮ್ಮನೆ ನೋಡಲು. 12ನೇ ಶತಮಾನದ ಕೊನೆಯ ಭಾಗದಲ್ಲಿ ವಿಲಿಯಂ ಫಿಟ್ಜ್‌ಸ್ಟೀಫನ್ ಎಂಬ ಪಾದ್ರಿ ತನ್ನ ಒಡೆಯ ಥಾಮಸ್ ಬೆಕೆಟ್‌ನ ಚರಿತ್ರೆ ಬರೆಯುವಾಗ, ಪೀಠಿಕೆಯಲ್ಲಿ ಈ ಸಂತೆಯನ್ನೂ ಬಣ್ಣಿಸಿದ. ಅವನ ಕಣ್ಣು ನೆಟ್ಟಿರುವುದು ಕುದುರೆಗಳ ಕಾಲಿನ ಮೇಲೆ. ಒಂದು ಬಗೆಯ ಕುದುರೆ ಒಂದೇ ಮಗ್ಗುಲಿನ ಮುಂಗಾಲು ಹಿಂಗಾಲುಗಳನ್ನು ಜೊತೆಯಾಗಿ ಎತ್ತಿ ಇಡುತ್ತದೆ. ಅದು ಸುಖವಾದ ಸವಾರಿ, ಸಿರಿವಂತರಿಗೆ ಒಪ್ಪುವಂಥದ್ದು. ಇನ್ನೊಂದು ಬಗೆಯದು ಎಡ ಮುಂಗಾಲಿನ ಜೊತೆ ಬಲ ಹಿಂಗಾಲನ್ನು, ಅಂದರೆ ಎದುರುಬದುರಿನ ಕಾಲುಗಳನ್ನು ಜೋಡಿಸಿ ಎತ್ತುತ್ತದೆ. ಅದರ ಮೇಲೆ ಕೂತವನ ಮೈ ಕುಲುಕುತ್ತದೆ, ಆದರೆ ಸೇವಕ ಸವಾರರಿಗೆ ಅದೇ ಸಾಕು.

ಎಂಟುನೂರು ವರ್ಷಗಳ ಹಿಂದಿನ ಆ ಸಂತೆಯಲ್ಲಿ ಹೆಚ್ಚು ಬೆಲೆ ಬಾಳುತ್ತಿದ್ದ ಕುದುರೆ ಯಾವುದೋ, ಇಂದಿನ ಸವಾರಿ ಶಾಲೆಗಳಲ್ಲಿ ಅದೇ ತಲೆನೋವಿನ ಕುದುರೆ. ಅದಕ್ಕೆ ಕ್ಯಾಂಟರ್ ಎಂಬ ಓಟ ಬರುವುದಿಲ್ಲ, ಬೇಲಿ ಹಾರಲು ಬರುವುದಿಲ್ಲ ಎಂಬುದು ಸವಾರರ ಮಾಮೂಲಿ ದೂರು. ಕುದುರೆಯ ಮೇಲೆ ಈ ದೂರು ಹೊರಿಸುವುದು ಅನ್ಯಾಯ. ಓಡಬೇಡ, ತೇಲು ಎಂದು ಅದನ್ನು ತಿದ್ದಿದವರೂ ನಾವೇ, ಈಗ ತೇಲಬೇಡ, ಜಿಗಿ ಎಂದು ಬೆನ್ನುಹತ್ತಿರುವವರೂ ನಾವೇ.

ಈ ಸುಖದ ನಡೆಗೆ ದೇಶಕ್ಕೊಂದು ಹೆಸರು. ಇಂಗ್ಲಿಷರದು ಆಂಬಲ್, ಐಸ್‌ಲ್ಯಾಂಡಿನವರದು ಟೋಲ್ಟ್, ಪೆರುವಿನವರದು ಪಾಸೊ. ನಮ್ಮಲ್ಲಿ ಕಾಠಿಯಾವಾಡ, ಮಾರವಾಡ, ಕಚ್ಛದ ಕಡೆ ಇದನ್ನು ರೇವಾಲ್ ಎನ್ನುತ್ತಾರೆ. ಒಂದೊಂದರಲ್ಲೂ ತಾಳದ ಸಣ್ಣ ವ್ಯತ್ಯಾಸವಿದ್ದರೂ ಗುಟ್ಟು ಒಂದೇ: ಯಾವ ಗಳಿಗೆಯಲ್ಲೂ ಕನಿಷ್ಠ ಒಂದು ಗೊರಸು ನೆಲದ ಮೇಲಿರುತ್ತದೆ. ಕುದುರೆಯ ಮೈ ಮೇಲೇಳುವುದೇ ಇಲ್ಲವಾದ್ದರಿಂದ ಸವಾರ ಕುಕ್ಕರಿಸಿ ಬೀಳುವ ಪ್ರಶ್ನೆಯೂ ಇಲ್ಲ. ಐಸ್‌ಲ್ಯಾಂಡ್ ಕುದುರೆಗಳ ಪ್ರದರ್ಶನಗಳಲ್ಲಿ ಸವಾರರು ಕೈಯಲ್ಲಿ ತುಂಬಿದ ಬಿಯರ್ ಲೋಟ ಹಿಡಿದು ಟೋಲ್ಟ್‌ನಲ್ಲಿ ಸುತ್ತು ಹೊಡೆಯುವುದು ಜನಪ್ರಿಯ ಆಟ. ಚೆಲ್ಲದೆ ಉಳಿಸಿದವನೇ ಗೆದ್ದ.

ಕ್ಯಾಂಟರ್‌ನ ಲೆಕ್ಕವೇ ಬೇರೆ. ಒಂದು ಹಿಂಗಾಲು ನೆಲಕ್ಕೆ ಒದೆಯುತ್ತದೆ, ಆಮೇಲೆ ಎದುರುಬದುರಿನ ಒಂದು ಜೋಡಿ ಒಟ್ಟಿಗೆ ಬೀಳುತ್ತದೆ, ಕೊನೆಗೆ ಇನ್ನೊಂದು ಮುಂಗಾಲು. ಮೂರು ಪೆಟ್ಟು, ಆಮೇಲೆ ನಾಲ್ಕೂ ಕಾಲು ಗಾಳಿಯಲ್ಲಿರುವ ಒಂದು ಕ್ಷಣ. ಬೇಲಿ ಹಾರುವುದೆಂದರೆ ಆ ಕೊನೆಯ ಕ್ಷಣವನ್ನು ಹಿಗ್ಗಿಸುವುದು, ಅಷ್ಟೆ. ಸದಾ ಒಂದು ಕಾಲು ನೆಲದಲ್ಲೂರಿರುವ ಕುದುರೆಗೆ ಆ ಕ್ಷಣವೇ ಪರಿಚಯವಿಲ್ಲ. ಅದರ ಎದುರುಬದುರಿನ ಜೋಡಿಯೂ ಸಡಿಲ. ಓಡು ಎಂದರೆ ಅದು ತನ್ನ ಆಂಬಲ್ಲನ್ನೇ ಇನ್ನಷ್ಟು ಬಿರುಸಾಗಿ ನಡೆಯುತ್ತದೆ.

ಹುಟ್ಟಿನಿಂದ ಬರದ ಕುದುರೆಗೆ ಆಂಬಲ್ ನಡೆಯನ್ನು ಹೇರಲು ಹಿಂದಿನವರು ಪಟ್ಟ ಪಾಡು ಕಡಿಮೆಯದಲ್ಲ. ರೋಮಿನ ಪ್ಲಿನಿ ಒಂದನೇ ಶತಮಾನದಲ್ಲೇ ಸ್ಪೇನಿನ ಅಸ್ತೂರಿಯದ ಪುಟ್ಟ ಕುದುರೆಗಳ ಮಗ್ಗುಲು ನಡೆಯನ್ನು ಹೊಗಳಿ, ಅದನ್ನು ನೋಡಿಯೇ ಬೇರೆ ಕುದುರೆಗಳಿಗೂ ಕಲಿಸುವ ವಿದ್ಯೆ ಹುಟ್ಟಿತು ಎಂದಿದ್ದಾನೆ. ಇಂಗ್ಲೆಂಡಿನಲ್ಲಿ ಆ ವಿದ್ಯೆಯ ಮುಖ್ಯ ಸಲಕರಣೆ ಹಗ್ಗ. ಬಲ ಮುಂಗಾಲಿಗೂ ಬಲ ಹಿಂಗಾಲಿಗೂ ಒಂದು, ಎಡಕ್ಕೆ ಇನ್ನೊಂದು. ಒಂದು ಕಾಲೆತ್ತಿದರೆ ಅದೇ ಮಗ್ಗುಲಿನ ಇನ್ನೊಂದು ಕಾಲು ತಾನಾಗಿ ಹಿಂಬಾಲಿಸಲೇಬೇಕು. 1607ರಲ್ಲಿ ಜರ್ವೇಸ್ ಮಾರ್ಕಂ ಅಶ್ವವಿದ್ಯೆಯ ದಪ್ಪ ಪುಸ್ತಕವೊಂದನ್ನು ಪ್ರಕಟಿಸಿ, ಆಂಬಲ್ ಕಲಿಸುವುದಕ್ಕೆಂದೇ ಅದರಲ್ಲಿ ಒಂದು ಭಾಗ ಮೀಸಲಿಟ್ಟ. ಉತ್ತ ಹೊಲದಲ್ಲಿ ನಡೆಸುವುದು, ಭಾರದ ಲಾಳ ಹೊಡೆಸುವುದು ಮುಂತಾದ ಬಳಕೆಯ ಉಪಾಯಗಳನ್ನೆಲ್ಲ ಜರಿದು, ಸರಿಯಾಗಿ ಕಟ್ಟಿದ ಹಗ್ಗವೇ ಮೇಲು ಎಂದು ಅವನ ತೀರ್ಪು.

ಇಷ್ಟು ಶ್ರಮಕ್ಕೆ ಕಾರಣ ದಾರಿಗಳು. ಗಾಡಿ ಹೋಗದ ಕೆಸರುದಾರಿಯಲ್ಲಿ ದಿನಗಟ್ಟಲೆ ಹೋಗಬೇಕೆಂದರೆ ತಡಿಯ ಮೇಲೆಯೇ ಕೂರಬೇಕು. ರೋಗಿ, ಮುದುಕ, ಬಸುರಿ, ಪಾದ್ರಿ ಯಾರಾದರೂ ಸರಿ. ಚಾಸರ್ ಕವಿ ತನ್ನ ಕ್ಯಾಂಟರ್‌ಬರಿ ಯಾತ್ರಿಕರಲ್ಲಿ ಬಾತ್ ಊರಿನ ಜೋರಿನ ಹೆಂಗಸನ್ನು ಆಂಬಲ್ ಕುದುರೆಯ ಮೇಲೆ ನಿರಾಳವಾಗಿ ಕೂರಿಸಿದ್ದು ಇದೇ ಲೆಕ್ಕದಲ್ಲಿ.

ರಸ್ತೆಗಳು ಸುಧಾರಿಸಿ ಕುದುರೆಗಾಡಿಗಳು ಬಂದವು. ಸುಖ ಬೇಕಾದವರು ಗಾಡಿಯೊಳಗೆ ಕೂತರು. ಗಾಡಿ ಎಳೆಯಲು ಎದುರುಬದುರಿನ ಕಾಲು ಜೋಡಿಸುವ ಕುಕ್ಕುಲೋಟದ (ಟ್ರಾಟ್) ಕುದುರೆಯೇ ವಾಸಿ. ಆಂಬಲ್ ಕುದುರೆಗೆ ಬಿದ್ದ ಮೊದಲ ಪೆಟ್ಟು ಅದು. ಎರಡನೆಯದು ಬಂದದ್ದು ಬೇಲಿಯಿಂದ.

ಇಂಗ್ಲೆಂಡಿನ ಅನೇಕ ಹಳ್ಳಿಗಳಲ್ಲಿ ಅಲ್ಲಿಯವರೆಗೆ ಹೊಲ, ಹುಲ್ಲುಗಾವಲು ಬಯಲಾಗಿಯೇ ಇತ್ತು. ಪಾರ್ಲಿಮೆಂಟು ಊರೂರಿಗೂ ಕಾಯ್ದೆ ಮಾಡಿ ಅದನ್ನು ಖಾಸಗಿ ತುಂಡುಗಳಾಗಿ ಹಂಚಿತು. 1604ರಿಂದ 1914ರ ನಡುವೆ ಇಂಥ ಕಾಯ್ದೆಗಳು 5,200ಕ್ಕೂ ಹೆಚ್ಚು. ಹಂಚಿದ ತುಂಡಿನ ಸುತ್ತ ಮುಳ್ಳುಬೇಲಿ, ಹಳ್ಳ, ಮರದ ಅಡ್ಡಗಳು ಎದ್ದವು. ಬಡ ರೈತ ದನ ಮೇಯಿಸುವ ಜಾಗ ಕಳೆದುಕೊಂಡ. ಜಮೀನ್ದಾರನಿಗೆ ನರಿಬೇಟೆಯಲ್ಲಿ ಹೊಸ ಮೋಜು ಸಿಕ್ಕಿತು. ಲೆಸ್ಟರ್‌ಷೈರಿನಲ್ಲಿ ಹ್ಯೂಗೊ ಮೆನೆಲ್ 18ನೇ ಶತಮಾನದ ಉತ್ತರಾರ್ಧದಲ್ಲಿ ಚುರುಕು ಓಟದ ಬೇಟೆನಾಯಿಗಳನ್ನು ಬೆಳೆಸಿದ ಮೇಲೆ, ಅವುಗಳ ಹಿಂದೆ ಹೋಗುವವನು ನಾಗಾಲೋಟದಲ್ಲಿ ಹೋಗಬೇಕು, ಅಡ್ಡ ಬಂದ ಬೇಲಿ ಹಾರಬೇಕು. ಆಗಲೇ ಅರಬ್, ತುರ್ಕಿ ಗಂಡುಕುದುರೆಗಳ ರಕ್ತದಿಂದ ಥರೋಬ್ರೆಡ್ ತಳಿ ಎದ್ದಿತ್ತು. ಅದರ ಕಾಲಿಗೆ ಓಟವೊಂದೇ ಗೊತ್ತು. ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆ ಕಂಡ ಕುಣಿಗಲ್ಲಿನ ಫಾರಂನಲ್ಲಿ ಮುಂದೆ ಬೆಳೆದದ್ದೂ, ಬೆಂಗಳೂರಿನ ರೇಸಿನಲ್ಲಿ ನಾವು ಕಂಡದ್ದೂ ಅದೇ ತಳಿ. ಕುದುರೆ ಎಂದರೆ ಹೀಗೆಯೇ ಓಡಬೇಕು ಎಂದು ನಮಗೆ ಅನ್ನಿಸುವುದರಲ್ಲಿ ಆಶ್ಚರ್ಯವಿಲ್ಲ.

ಆಂಬಲ್ ಕುದುರೆ ಅಟ್ಲಾಂಟಿಕ್ ದಾಟಿ ಬದುಕಿತು. ಅಮೆರಿಕದ ರೋಡ್ ಐಲೆಂಡಿನಲ್ಲಿ ನ್ಯಾರಗಾನ್ಸೆಟ್ ಪೇಸರ್ ಎಂಬ ಹೆಸರುವಾಸಿ ತಳಿಯಿತ್ತು. ಜಾರ್ಜ್ ವಾಷಿಂಗ್ಟನ್ನನ ಲಾಯದಲ್ಲೂ ಇತ್ತು. ಕಬ್ಬಿನ ತೋಟದ ಮಾಲೀಕರು ಕೇಳಿದ ಬೆಲೆ ಕೊಟ್ಟು ಕೆರಿಬಿಯನ್ ದ್ವೀಪಗಳಿಗೆ ಹಡಗು ಹತ್ತಿಸಿಕೊಂಡು ಹೋದರು, ಉಳಿದವು ಬೇರೆ ತಳಿಗಳಲ್ಲಿ ಬೆರೆತುಹೋದವು. 19ನೇ ಶತಮಾನ ಮುಗಿಯುವಷ್ಟರಲ್ಲಿ ಶುದ್ಧ ತಳಿ ಇಲ್ಲವಾಯಿತು. ಟೆನೆಸಿಯ ಕಥೆ ಇದಕ್ಕೆ ಉಲ್ಟಾ. 1886ರಲ್ಲಿ ಕೆಂಟಕಿಯಲ್ಲಿ ಹುಟ್ಟಿದ ಅಲನ್ ಎಂಬ ಕಪ್ಪು ಕುದುರೆಯನ್ನು ಗಾಡಿ ಓಟಕ್ಕೆಂದು ಬೆಳೆಸಿದರೆ, ಅದು ಕುಕ್ಕುಲೋಟ ಬಿಟ್ಟು ಮಗ್ಗುಲು ಕಾಲು ಹಾಕಿತು. ಓಟಕ್ಕೆ ದಂಡ ಎಂದು ಕೈಯಿಂದ ಕೈಗೆ ದಾಟಿದ ಅದೇ ಕುದುರೆ ಮುಂದೆ ಟೆನೆಸಿ ವಾಕಿಂಗ್ ಹಾರ್ಸ್ ತಳಿಯ ಮೂಲಪುರುಷ ಎನಿಸಿತು. 1935ರಲ್ಲಿ ಸಂಘ ಕಟ್ಟಿ ವಂಶಾವಳಿ ಬರೆಯತೊಡಗಿದರು. ಪ್ರದರ್ಶನದ ಹುಚ್ಚಿನಲ್ಲಿ ಕುದುರೆಯ ಮುಂಗಾಲಿಗೆ ಉರಿಯುವ ರಾಸಾಯನಿಕ ಹಚ್ಚಿ, ಸರಪಳಿ ಬಿಗಿದು, ನೋವಿಗೆ ಕಾಲನ್ನು ಎತ್ತರಕ್ಕೆ ಎತ್ತುವಂತೆ ಮಾಡುವ ಕ್ರೌರ್ಯವೂ ಹುಟ್ಟಿಕೊಂಡಿತು. ಅದನ್ನು ತಡೆಯಲೆಂದೇ ಅಮೆರಿಕ 1970ರಲ್ಲಿ ಕಾಯ್ದೆ ತರಬೇಕಾಯಿತು. ಹಗ್ಗ ಕಟ್ಟಿದ ಮಾರ್ಕಂ ಇವರ ಮುಂದೆ ಸಾಧು.

ಹಗ್ಗವಿಲ್ಲದೆಯೇ ಮಗ್ಗುಲು ನಡೆಯುವ ಕುದುರೆಯ ಒಳಗೇನಿದೆ ಎಂಬುದು ಗೊತ್ತಾದದ್ದು 2012ರಲ್ಲಿ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಶೋಧಕರು 70 ಐಸ್‌ಲ್ಯಾಂಡ್ ಕುದುರೆಗಳನ್ನು ಹೋಲಿಸಿ ನೋಡಿ, ಡಿಎಂಆರ್‌ಟಿ3 ಎಂಬ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದನ್ನು ಪತ್ತೆಹಚ್ಚಿದರು. ಬೆನ್ನುಹುರಿಯಲ್ಲಿ ಕಾಲುಗಳ ಸರದಿಯನ್ನು ಹೊಂದಿಸುವ ನರಕೋಶಗಳಿಗೆ ಸೇರಿದ ವಂಶವಾಹಿ ಅದು. ಈ ಬದಲಾವಣೆಯಿರುವ ಕುದುರೆಗೆ ಮಗ್ಗುಲು ನಡೆ ಸಲೀಸು, ಕ್ಯಾಂಟರ್‌ಗೆ ಜಿಗಿಯುವುದು ಕಷ್ಟ. 2016ರಲ್ಲಿ ಹಳೆಯ ಮೂಳೆಗಳನ್ನು ಪರೀಕ್ಷಿಸಿದಾಗ, ಇಂಗ್ಲೆಂಡಿನ ಯಾರ್ಕ್‌ನಲ್ಲಿ ಸಿಕ್ಕ, ಕ್ರಿ.ಶ. 850–900ರ ಸುಮಾರಿನ ಎರಡು ಕುದುರೆಗಳಲ್ಲಿ ಇದು ಕಂಡಿತು. ಐಸ್‌ಲ್ಯಾಂಡಿನ 9ರಿಂದ 11ನೇ ಶತಮಾನದ 13 ಕುದುರೆಗಳಲ್ಲಿ 10ರಲ್ಲಿ ಅದೇ ಇತ್ತು. ವೈಕಿಂಗರು ಬ್ರಿಟನ್ನಿನಿಂದ ಆರಿಸಿ ಒಯ್ದಿರಬೇಕೆಂಬುದು ಸಂಶೋಧಕರ ಊಹೆ. ಒಯ್ಯುವವನು ನೋಡಿಯೇ ಒಯ್ದಾನು. ರಸ್ತೆಯೇ ಇಲ್ಲದ ದ್ವೀಪಕ್ಕೆ ಕುಲುಕುವ ಕುದುರೆ ಯಾರಿಗೆ ಬೇಕು?

ಇದೇ ಬದಲಾವಣೆ ಅಮೆರಿಕದ ಸ್ಟ್ಯಾಂಡರ್ಡ್‌ಬ್ರೆಡ್ ತಳಿಯ ತುಂಬ ಇದೆ. ಇವು ಎರಡು ಗಾಲಿಯ ಹಗುರ ಗಾಡಿ ಎಳೆದು ರೇಸ್ ಓಡುವ ಕುದುರೆಗಳು. ಮೈಲಿಯನ್ನು 2 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕೆಂಬ 1879ರ ಮಾನದಂಡದಿಂದ ಬಂದ ಹೆಸರು. ಮಗ್ಗುಲು ಓಟದವುಗಳಿಗೆ ರೇಸಿನಲ್ಲಿ ಒಂದೇ ಮಗ್ಗುಲಿನ ಎರಡು ಕಾಲಿಗೆ ಪಟ್ಟಿ ಹಾಕುತ್ತಾರೆ. ಮಾರ್ಕಂನ ಹಗ್ಗ ನಾಲ್ಕು ಶತಮಾನ ದಾಟಿ ಇಲ್ಲಿ ಪ್ರತ್ಯಕ್ಷ! ನಡುವೆ ಕುದುರೆ ಕ್ಯಾಂಟರ್‌ಗೆ ತಿರುಗಿದರೆ ಗಾಡಿ ಹೊಡೆಯುವವನು ಲಗಾಮು ಎಳೆದು ಹಿಂದೆ ಬೀಳಬೇಕು, ಅದು ನಿಯಮ. ವಯಸ್ಸಾದ ಮೇಲೆ ಇಂಥ ಕುದುರೆಗಳನ್ನು ಸವಾರಿಗೆಂದು ಮನೆಗಳಿಗೆ ಕೊಡುವ ಸಂಸ್ಥೆಗಳು ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿವೆ. ಇಷ್ಟು ವರ್ಷ ಕ್ಯಾಂಟರ್ ಮಾಡಿದ್ದಕ್ಕೆ ಗದರಿಸಿಕೊಂಡ ಕುದುರೆಗೆ ಹೊಸ ಯಜಮಾನ ಕೇಳುವ ಮೊದಲ ವರ ಕ್ಯಾಂಟರ್.

ಕಲಿಸುವುದು ಹೇಗೆ? ಅನುಭವಿಗಳು ಮೊದಲು ಓಡಿಸುವುದೇ ಇಲ್ಲ. ನಿಧಾನ ನಡಿಗೆಯಲ್ಲಿ ಹೊರಟು, ನೆಲದ ಮೇಲೆ ಸುಮಾರು ಮೂರು ಅಡಿಗೊಂದರಂತೆ ಮಲಗಿಸಿದ ಗಳುಗಳನ್ನು ದಾಟಿಸುತ್ತಾರೆ. ಮಗ್ಗುಲಿನ ಎರಡು ಕಾಲನ್ನೂ ಒಟ್ಟಿಗೆ ತಳ್ಳಿಕೊಂಡು ಹೋದರೆ ಗೊರಸು ಗಳುವಿಗೆ ತಾಗಿ ಸದ್ದಾಗುತ್ತದೆ. ಕುದುರೆ ತಲೆ ತಗ್ಗಿಸಿ ನೋಡುತ್ತದೆ, ಒಂದೊಂದೇ ಕಾಲನ್ನು ಮಡಿಚಿ ಎತ್ತುತ್ತದೆ, ಅಂಟಿಕೊಂಡಿದ್ದ ಜೋಡಿ ಬಿಡಿಸಿಕೊಳ್ಳುತ್ತದೆ. ಆಮೇಲೆ ಸಣ್ಣ ಏರು. ಏರಿನಲ್ಲಿ ಹಿಂಗಾಲು ಹೊಟ್ಟೆಯಡಿಗೆ ಬಂದು ಒದೆಯಲೇಬೇಕು. ಅಲ್ಲಿ, ಬಿರುಸು ನಡೆಯಿಂದಲ್ಲ, ಮೆಲ್ಲನೆಯ ನಡಿಗೆಯಿಂದ ಕ್ಯಾಂಟರ್ ಕೇಳಬೇಕು. ಚಬುಕು ತೋರಿಸಿ ಓಡಿಸಿದರೆ ಕುದುರೆ ತನ್ನ ಹಳೆಯ ತೇಲುನಡೆಯನ್ನೇ ದುಪ್ಪಟ್ಟು ಮಾಡುತ್ತದೆ. ಮೊದಮೊದಲು ಮುಂಗಾಲು ಒಂದು ಬದಿಯ ಕ್ಯಾಂಟರ್, ಹಿಂಗಾಲು ಇನ್ನೊಂದು ಬದಿಯದು, ತಡಿಯ ಮೇಲಿನವನಿಗೆ ಸೊಂಟ ತಿರುಚಿದ ಹಾಗೆ. ನಾಲ್ಕು ಹೆಜ್ಜೆ ಸರಿಬಂದರೂ ಅಲ್ಲಿಗೇ ನಿಲ್ಲಿಸಿ ಕುತ್ತಿಗೆ ತಟ್ಟಬೇಕು.

ಅದಕ್ಕೂ ಜಗ್ಗದ ಕುದುರೆಗೆ ಒಂದು ಉಪಾಯವಿದೆ. ಎರಡು ಗಳುಗಳನ್ನು ಕತ್ತರಿಯಾಕಾರ ನಿಲ್ಲಿಸಿ, ನಡು ಒಂದಡಿಯಷ್ಟೇ ಎತ್ತರವಿರುವಂತೆ ಮಾಡಿ, ಅದರ ಕಡೆ ನಡೆಸಿಕೊಂಡು ಬರುತ್ತಾರೆ. ಅದನ್ನು ದಾಟಲು ಕುದುರೆ ಪುಟಿಯುತ್ತದೆ. ಪುಟಿದು ಇಳಿದಾಗ ಕಾಲುಗಳು ಬಹುಮಟ್ಟಿಗೆ ಕ್ಯಾಂಟರ್‌ನ ಸರದಿಯಲ್ಲೇ ಬೀಳುತ್ತವೆ. ಓಟ ಬಂದ ಮೇಲೆ ಜಿಗಿತ ಎಂಬುದು ಪುಸ್ತಕದ ಕ್ರಮ. ಇಲ್ಲಿ ಜಿಗಿತವೇ ಓಟ ಕಲಿಸುತ್ತದೆ.

ಹೀಗೆ ಜಿಗಿಯುವಾಗ ಸವಾರ ಏನು ಮಾಡಬೇಕೆಂಬುದನ್ನು ತಿದ್ದಿದವನು ಇಟಲಿಯ ಅಶ್ವಸೈನ್ಯದ ಫೆಡೆರಿಕೊ ಕಪ್ರಿಲ್ಲಿ. ಅವನಿಗಿಂತ ಮುಂಚೆ ಬೇಲಿಯ ಮೇಲೆ ಸವಾರ ಹಿಂದಕ್ಕೆ ಒರಗಿ ಲಗಾಮು ಜಗ್ಗುತ್ತಿದ್ದ. ಸವಾರನಿಲ್ಲದ ಕುದುರೆ ಹೇಗೆ ಹಾರುತ್ತದೆಂದು ನೋಡಿದ ಕಪ್ರಿಲ್ಲಿ, ರಿಕಾಪು ಗಿಡ್ಡ ಮಾಡಿ, ಮುಂದಕ್ಕೆ ಬಾಗಿ, ಕುದುರೆಯ ಕುತ್ತಿಗೆಯನ್ನು ಅದರ ಪಾಡಿಗೆ ಬಿಟ್ಟ. 1902ರಲ್ಲಿ ಟ್ಯೂರಿನ್‌ನಲ್ಲಿ ಮೆಲೋಪೊ ಎಂಬ ಕುದುರೆಯ ಮೇಲೆ 2.08 ಮೀಟರ್ ಹಾರಿದ. 1907ರಲ್ಲಿ ಕುದುರೆಯಿಂದ ಬಿದ್ದೇ ತೀರಿಕೊಂಡ. ಬೆನ್ನು ಹಿಗ್ಗಿಸಲು ಕಲಿಯಬೇಕಾದ ಆಂಬಲ್ ಕುದುರೆಗೆ ಅವನ ಪದ್ಧತಿಯಷ್ಟು ಉಪಕಾರ ಬೇರೆಯವರಿಂದ ಆಗಿಲ್ಲ.

ಗಾಡಿ ಓಟದ ರಕ್ತಕ್ಕೆ ಬೇಲಿ ಒಗ್ಗದು ಎನ್ನುವವರ ಬಾಯಿ ಮುಚ್ಚಿಸಿದ್ದು ಹಲ್ಲಾ ಎಂಬ ಜರ್ಮನ್ ಹೆಣ್ಣುಕುದುರೆ. ಅದರ ತಂದೆ ಓಬರ್ಸ್ಟ್ ಗಾಡಿ ಓಟದ ಟ್ರಾಟರ್. 1956ರ ಒಲಿಂಪಿಕ್ಸ್‌ನ ಕುದುರೆ ಸ್ಪರ್ಧೆಗಳು ಸ್ಟಾಕ್‌ಹೋಮ್‌ನಲ್ಲಿ ನಡೆದಾಗ ಸವಾರ ಹಾನ್ಸ್ ಗುಂಟರ್ ವಿಂಕ್ಲರ್ ಮೊದಲ ಸುತ್ತಿನಲ್ಲೇ ತೊಡೆಸಂದಿಯ ಸ್ನಾಯು ಹರಿದುಕೊಂಡ. ಎರಡನೇ ಸುತ್ತಿನಲ್ಲಿ ನೋವಿನಿಂದ ನರಳುತ್ತಿದ್ದವನನ್ನು ಹೊತ್ತು ಹಲ್ಲಾ ಒಂದು ಗಳುವನ್ನೂ ಕೆಡವದೆ ಮುಗಿಸಿ, ವೈಯಕ್ತಿಕ ಮತ್ತು ತಂಡದ ಎರಡೂ ಚಿನ್ನ ತಂದಿತು. ಫ್ರಾನ್ಸಿನ ಜಪ್ಪಲೂ ಇನ್ನೊಂದು ಉದಾಹರಣೆ. ತಂದೆ ಟ್ರಾಟರ್, ತಾಯಿ ಥರೋಬ್ರೆಡ್, ಎತ್ತರ 1.58 ಮೀಟರ್ ಅಷ್ಟೆ. 1984ರ ಲಾಸ್ ಏಂಜಲೀಸ್‌ನಲ್ಲಿ ಬೇಲಿಯ ಮುಂದೆ ತಟ್ಟನೆ ನಿಂತು ಸವಾರ ಪಿಯರ್ ಡ್ಯೂರಾನ್‌ನನ್ನು ನೆಲಕ್ಕೆ ಹಾಕಿತ್ತು. ನಾಲ್ಕು ವರ್ಷದ ನಂತರ ಸಿಯೋಲ್‌ನಲ್ಲಿ ಅದೇ ಜೋಡಿ ವೈಯಕ್ತಿಕ ಚಿನ್ನ ಗೆದ್ದಿತು.