ಚಾಮರಾಜನಗರ ಸೀಮೆಯ ಚಂದ್ರಸಾಕ್ಷ್ಯವೂ ಚಂದ್ರಯಾನವೂ

ಜ್ಯೌತಿಷಶಾಸ್ತ್ರವು ಚಂದ್ರನನ್ನು ನವಗ್ರಹಗಳಲ್ಲಿ ಎಣಿಸಿರುವುದು ಸುವಿದಿತವಾಗಿದೆ. ಆಧುನಿಕ ವಿಜ್ಞಾನಿಗಳು ಅವನನ್ನು ಭೂಮಿಯ ಉಪಗ್ರಹವೆನ್ನುವರು. ಸಂಜ್ಞೆಯು ಯಾವುದಾದರೂ ಆಗಲಿ, ಭೂಮಿಗೆ ಅನ್ಯವಾದ ಗೋಳವೊಂದರ ಮೇಲೆ ಭಾರತೀಯರ ಯಂತ್ರವು ಮೊತ್ತಮೊದಲು ಮೃದುವಾಗಿ ಇಳಿದುದು ಕ್ರಿ. ಶ. 2023ನೆಯ ಆಗಸ್ಟ್ 23ನೆಯ ತಾರೀಖು ಬುಧವಾರ, ಅಂದರೆ ಶಾಲಿವಾಹನ ಶಕ 1945ನೆಯ ಶೋಭಕೃತ್ ಸಂವತ್ಸರದ ನಿಜ ಶ್ರಾವಣ ಶುದ್ಧ ಸಪ್ತಮಿಯ ಸಂಜೆ 6 ಗಂಟೆ 4 ನಿಮಿಷಕ್ಕೆ. ಆ ಯಂತ್ರದ ರಚನೆಯನ್ನು ತಜ್ಞರು ವಿವರಿಸಿರುವರು. ಅದರ ವಿಷಯದಲ್ಲಿ ಜನಸಾಮಾನ್ಯರು ತೋರಿದ ಆಸಕ್ತಿಗೆ ಮೂಲವೇನೆಂಬುದು ಚರಿತ್ರೆಗೆ ಸೇರಿದ ಪ್ರಶ್ನೆ. ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯನ್ನು ನಿದರ್ಶನವಾಗಿಟ್ಟುಕೊಂಡು ಅದನ್ನು ಇಲ್ಲಿ ವಿಚಾರಿಸಲಾಗಿದೆ.

ಈ ಎರಡು ತಾಲ್ಲೂಕುಗಳ ಶಾಸನಗಳನ್ನು ರೈಸ್ ಮಹಾಶಯರು ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ 1898ರಲ್ಲಿ ಪ್ರಕಟಿಸಿದರು. ಗ್ರಹಣಾದಿ ಪುಣ್ಯಕಾಲಗಳಲ್ಲಿ ದಾನಮಾಡುವುದೂ, ಆ ದಾನವು ಚಂದ್ರಸೂರ್ಯರಿರುವವರೆಗೆ ನಡೆಯಲೆಂದು ವಿಧಿಸುವುದೂ, ಶಿಲೆಯ ಶಿರೋಭಾಗದಲ್ಲಿ ಅವರಿಬ್ಬರ ಆಕೃತಿಗಳನ್ನು ಕೆತ್ತಿಸುವುದೂ ಕನ್ನಡನಾಡಿನ ಶಾಸನಗಳ ಪರಿಪಾಠಿ. ಅಕ್ಷರ ಬಾರದ ಒಕ್ಕಲಿಗನಿಗೂ ಆ ಆಕೃತಿಯ ಅರ್ಥವು ತಿಳಿಯುತ್ತಿದ್ದಿತು. ಹೀಗೆ ಚಂದ್ರನು ಹೊಲಗದ್ದೆಗಳ ಹಕ್ಕಿಗೆ ಸಾಕ್ಷಿಯಾಗಿದ್ದನು.

ಚಾಮರಾಜನಗರದ ಪೂರ್ವನಾಮವು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯವರ ಜನ್ಮಸ್ಥಳವಾದ ಇದಕ್ಕೆ 1818ರಲ್ಲಿ ಈಗಿನ ಹೆಸರನ್ನಿತ್ತು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಶುಭಕಾರ್ಯಗಳಿಗೆ ವರ್ಜ್ಯವೆಂದು ಲೋಕವು ಬಿಡುವ ಆಷಾಢದಲ್ಲಿಯೇ ಇಲ್ಲಿಯ ರಥೋತ್ಸವವು ನಡೆಯುವುದು; ನವದಂಪತಿಗಳು ವಿಶೇಷವಾಗಿ ಬಂದು ಸೇರುವರು. ಪೂರ್ಣಿಮೆಯಂದು ಚಂದ್ರನು ಆಷಾಢಾ ನಕ್ಷತ್ರಗಳ ಸಮೀಪದಲ್ಲಿರುವುದೇ ಆ ಮಾಸದ ಹೆಸರಿಗೆ ಕಾರಣ. 2023ರ ಜುಲೈ 14ರಂದು ಶ್ರೀಹರಿಕೋಟೆಯಿಂದ ಚಂದ್ರಯಾನ-3 ಹೊರಟುದೂ ಆಷಾಢದ ಕೃಷ್ಣಪಕ್ಷದಲ್ಲಿಯೇ. ಆಷಾಢದಲ್ಲಿ ತೇರೆಳೆಯುವ ಊರಿನವರಿಗೆ ಇದರಲ್ಲಿ ಶಂಕೆಗೆ ಎಡೆಯಿರಲಿಲ್ಲ.

ಇದಕ್ಕೆ ಮೊದಲು, 2019ರ ಸೆಪ್ಟೆಂಬರ್ 7ರ ಬೆಳಗಿನ ಜಾವದಲ್ಲಿ, ಚಂದ್ರಯಾನ-2ರ ವಿಕ್ರಮವು ಚಂದ್ರತಲದಿಂದ ಸುಮಾರು 2.1 ಕಿಲೋಮೀಟರು ಎತ್ತರದಲ್ಲಿದ್ದಾಗ ಅದರೊಡನೆ ಸಂಪರ್ಕವು ತಪ್ಪಿತು. ನಿದ್ರೆಗೆಟ್ಟು ನೋಡುತ್ತಿದ್ದ ಜನರು ವ್ಯಥೆಪಟ್ಟರು. ವಿಜ್ಞಾನಿಗಳು ದೋಷಗಳನ್ನು ಪರಿಶೋಧಿಸಿ, ಯಂತ್ರದ ಕಾಲುಗಳನ್ನು ಬಲಪಡಿಸಿ, ಇಂಧನವನ್ನು ಹೆಚ್ಚಿಸಿ, ಇಳಿಯುವ ಕ್ಷೇತ್ರವನ್ನು 4 ಕಿಲೋಮೀಟರು ಉದ್ದ, 2.4 ಕಿಲೋಮೀಟರು ಅಗಲಕ್ಕೆ ವಿಸ್ತರಿಸಿದರು. ಎರಡನೆಯ ಪ್ರಯತ್ನಕ್ಕೆ ನಾಲ್ಕು ದಿನ ಮೊದಲು ರಷ್ಯಾದ ಲೂನಾ-25 ಚಂದ್ರನಿಗೆ ಬಡಿದು ನಾಶವಾಯಿತು. ಆದುದರಿಂದ ಫಲವು ಅನಿಶ್ಚಿತವೆಂದು ಬಲ್ಲವರೇ ಈ ಸಲ ನೋಡಲು ಕುಳಿತರು. ಬೆಂಗಳೂರಿನ ಪೀಣ್ಯದ ನಿಯಂತ್ರಣಕೇಂದ್ರದಿಂದ ಬಂದ ದೃಶ್ಯವನ್ನು ಇಸ್ರೋದ ಯೂಟ್ಯೂಬ್ ಪ್ರಸಾರವೊಂದರಲ್ಲಿಯೇ ಏಕಕಾಲಕ್ಕೆ 80 ಲಕ್ಷಕ್ಕೂ ಮೇಲ್ಪಟ್ಟ ವೀಕ್ಷಕರು ಕಂಡರು. ಇದು ಬರಿಯ ಜಯೋತ್ಸಾಹವಲ್ಲ. ತಪ್ಪಿದ ಗಣಿತವು ಸರಿಯಾಯಿತೇ ಎಂಬುದನ್ನು ತಾವೇ ಕಾಣಬೇಕೆಂಬ ಇಚ್ಛೆ.

ಇಳಿಯುವ ದಿನವನ್ನು ಗೊತ್ತುಮಾಡಿದ ಕ್ರಮವೂ ಗಮನಾರ್ಹವಾದುದು. ಯಂತ್ರವು ಸೂರ್ಯಪ್ರಕಾಶದಿಂದ ಕೆಲಸ ಮಾಡತಕ್ಕದ್ದು. ಚಂದ್ರನಲ್ಲಿ ಒಂದು ಹಗಲು ನಮ್ಮ ಸುಮಾರು 14 ದಿನಗಳಷ್ಟಿರುವುದರಿಂದ, ಅಲ್ಲಿಯ ಪ್ರಾತಃಕಾಲದಲ್ಲಿ ಇಳಿದರೆ ಮಾತ್ರ ಪೂರ್ಣಾವಧಿಯು ದೊರೆಯುವುದು. ಶುಕ್ಲಪಕ್ಷದಲ್ಲಿ ಚಂದ್ರಬಿಂಬದ ಪೂರ್ವಭಾಗದಿಂದ ಪಶ್ಚಿಮಕ್ಕೆ ಬೆಳಕು ಹಬ್ಬುವುದಷ್ಟೆ. ದಕ್ಷಿಣ ಅಕ್ಷಾಂಶ ಸುಮಾರು 69, ಪೂರ್ವ ರೇಖಾಂಶ ಸುಮಾರು 32ರಲ್ಲಿರುವ ಆ ಸ್ಥಳದಲ್ಲಿ ಸಪ್ತಮಿಯಂದು ಇನ್ನೂ ಬೆಳಗಿನ ಹೊತ್ತು. 2019ರ ಪ್ರಯತ್ನವೂ ಶುಕ್ಲಪಕ್ಷದ ನಡುವಿನಲ್ಲಿಯೇ ನಡೆದಿದ್ದಿತು. ಇದು ಫಲಜ್ಯೋತಿಷದ ಮುಹೂರ್ತವಲ್ಲ, ಶುದ್ಧಗಣಿತದಿಂದ ದೊರೆತ ಕಾಲ. ತಿಥಿಯನ್ನೆಣಿಸಿ ಹಬ್ಬಗಳನ್ನಾಚರಿಸುವ ಜನರಿಗೆ ಇದು ಸುಲಭವಾಗಿ ತಿಳಿಯತಕ್ಕ ಸಂಗತಿ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಕ್ರಿ. ಶ. 499ರ ಕಾಲದ ಆರ್ಯಭಟನು ಚಂದ್ರನನ್ನು ಜಲಮಯನೆಂದೂ ಸೂರ್ಯನಿಂದ ಪ್ರಕಾಶಿತನೆಂದೂ ಹೇಳಿರುವನು. ಚಂದ್ರಯಾನ-1ರ ಉಪಕರಣಗಳಿಂದ ಅಲ್ಲಿ ಜಲಾಂಶದ ಕುರುಹು ದೊರೆತುದು 2009ರಲ್ಲಿ ಪ್ರಕಟವಾಯಿತು. ಇವೆರಡನ್ನು ಜೋಡಿಸಿ, ಎಲ್ಲವೂ ನಮ್ಮವರಿಗೆ ಮೊದಲೇ ತಿಳಿದಿದ್ದಿತೆಂದು ಹೇಳುವುದು ಯುಕ್ತವಲ್ಲ. ಬಿಂಬವೆಲ್ಲ ಜಲವೆಂಬ ಮಾತು ಬೇರೆ, ಮಣ್ಣಿನಲ್ಲಿ ಅತ್ಯಲ್ಪ ಜಲಾಂಶವಿದೆಯೆಂಬ ಮಾತು ಬೇರೆ. ಗ್ರಹಣಗಳಿಗೆ ಛಾಯೆಯೇ ಕಾರಣವೆಂದು ಗಣಿತದಿಂದ ಸಾಧಿಸಿದುದು ಆ ಆಚಾರ್ಯನ ನಿಜವಾದ ಹಿರಿಮೆ. ಹೇಳದುದನ್ನು ಅವನ ಬಾಯಿಂದ ಹೇಳಿಸುವುದರಿಂದ ಅದು ಹೆಚ್ಚುವುದಿಲ್ಲ.

ಆಗಸ್ಟ್ 23ನ್ನು ಸರ್ಕಾರವು ರಾಷ್ಟ್ರೀಯ ಅಂತರಿಕ್ಷ ದಿನವೆಂದು ಘೋಷಿಸಿದೆ. ಆದರೆ ಆ ತಾರೀಖಿನ ಸಂಜೆ ಚಂದ್ರನು ಎಲ್ಲ ವರ್ಷಗಳಲ್ಲಿಯೂ ಕಾಣುವುದಿಲ್ಲ. 2024ರಲ್ಲಿ ಅಂದು ಕೃಷ್ಣಪಕ್ಷವಿದ್ದಿತು. ಯಂತ್ರವು ಇಳಿದ ಸಂಜೆಯಾದರೋ ಚಂದ್ರನು ಗುಂಡ್ಲುಪೇಟೆಯ ದಕ್ಷಿಣಾಕಾಶದಲ್ಲಿಯೇ ಇದ್ದನು. ಆದಕಾರಣ ಈ ಸೀಮೆಯ ಶಾಲೆಗಳು ಶ್ರಾವಣ ಶುದ್ಧ ಸಪ್ತಮಿಯನ್ನೂ ಆಚರಿಸಿ, ಪಂಚಾಂಗವನ್ನು ತೆರೆದು, ಅಂದಿನಂತೆಯೇ ಅರ್ಧಭಾಗದಷ್ಟು ಬೆಳಗಿದ ಚಂದ್ರನನ್ನು ಬಾಲಕರಿಗೆ ತೋರಿಸುವುದು ಉಚಿತ. ಪಂಚಾಂಗವನ್ನು ಓದುವ ಅಭ್ಯಾಸವೂ ಆಕಾಶವನ್ನು ನೋಡುವ ಅಭ್ಯಾಸವೂ ಹೀಗೆ ಕೂಡಿದರೆ ಅಂದಿನ ಆಸಕ್ತಿಯು ಒಂದು ಸಂಜೆಗೆ ಮುಗಿಯದೆ ಮುಂದಿನ ತಲೆಮಾರಿಗೂ ಉಳಿಯುವುದು.